ಸೆಂಡಾಫ್ ಹ್ಯಾಂಗ್ ಮಾಡೂದ್ರೀ ಸರ್? ಹತ್ತನೇ ಕ್ಲಾಸಿನ ಲೀಡರ್‌ಗಳಿಗೆ

ಸಂಕ್ರಮಣ ಮುಗಿದರೆ ಸಾಕು, ಸ್ಟಾಫ್ ರೂಮಿನ ಬಾಗಿಲಿಗೆ ಮೂವರು ಬಂದು ನಿಲ್ಲುತ್ತಾರೆ. ಮುಂದೆ ಕ್ಲಾಸ್ ಲೀಡರ್, ಅವನ ಬೆನ್ನಿಗೆ ಅಂಟಿಕೊಂಡು ಇನ್ನಿಬ್ಬರು. "ಸರ್, ಸೆಂಡಾಫ್ ಹ್ಯಾಂಗ್ ಮಾಡೂದ್ರೀ?" ಸೆಂಡಾಫ್ ಅಂದರೆ ಹತ್ತನೆಯವರ ಬೀಳ್ಕೊಡುಗೆ. ಬಾಗಲಕೋಟೆ ಜಿಲ್ಲೆಯ ಹೈಸ್ಕೂಲುಗಳಲ್ಲಿ ಪಾಠ ಮಾಡುತ್ತಾ ಈ ಪ್ರಶ್ನೆಗೆ ಪ್ರತಿ ವರ್ಷ ಅದೇ ಉತ್ತರ ಹೇಳುತ್ತಾ ಬಂದಿದ್ದೇನೆ. ಈಗೀಗ ವಿಜಯಪುರ, ಗೋಕಾಕ ಕಡೆಯ ಮಕ್ಕಳೂ ಫೋನ್ ಮಾಡಿ ಕೇಳುತ್ತಾರೆ. ಅದಕ್ಕೇ ಒಂದು ಸಲ ಬರೆದೇಬಿಡೋಣ ಅನ್ನಿಸಿತು.

ಮೊದಲೇ ಒಂದು ಮಾತು. ಸೆಂಡಾಫ್ ಅಂದರೆ ವೇದಿಕೆ, ಮೈಕು, ಹಾರ ಅಂತ ನೀವು ತಿಳಿದಿರುತ್ತೀರಿ. ಅದನ್ನೆಲ್ಲ ಶಾಲೆ ನೋಡಿಕೊಳ್ಳುತ್ತದೆ. 9ನೆಯವರು ಹಾಲ್ ಗುಡಿಸಿ, ರಂಗೋಲಿ ಹಾಕಿ, ಸರಸ್ವತಿ ಪೂಜೆಗೆ ಅಣಿ ಮಾಡುತ್ತಾರೆ. ಲೀಡರ್ ಕೆಲಸ ಬೇರೆ ಇದೆ. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿವೆಯೋ ಅಷ್ಟೂ ಜನ ಫೋಟೊದಲ್ಲಿ ಇರಬೇಕು, ನೆನಪಿನ ಪುಸ್ತಕದಲ್ಲಿ ಇರಬೇಕು, ಊಟದ ಸಾಲಿನಲ್ಲೂ ಇರಬೇಕು. ಒಬ್ಬರು ಬಿಟ್ಟರೂ ಲೀಡರ್ ಲೆಕ್ಕ ತಪ್ಪಿದ ಹಾಗೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಎ-4 ಹಾಳೆ, ಕಪ್ಪು ಬಾಲ್‌ಪೆನ್, ಪೆನ್ಸಿಲ್, ಗೋಂದು, ದಪ್ಪ ಸೂಜಿ, ಗಟ್ಟಿ ದಾರ. ಇವೆಲ್ಲದರ ಜೊತೆಗೆ ಮೂರು ವಾರ ಸಮಯ. ನಾಲ್ಕು ದಿನದಲ್ಲಿ ಮಾಡ್ತೀವಿ ಅಂದವರು ಯಾರೂ ಇದುವರೆಗೆ ಮಾಡಿಲ್ಲ.

ಹಂತ 1: ಹೆಸರು ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹಾಜರಿ ಪುಸ್ತಕದ ಎಲ್ಲಾ ಹೆಸರು, ಊರು ಬರೆದುಕೊಳ್ಳಿ. ನೆನಪಿನಿಂದ ಬರೆಯಬೇಡಿ, ಹಾಜರಿ ಪುಸ್ತಕ ನೋಡಿಯೇ ಬರೆಯಿರಿ. ನೆನಪಿನಿಂದ ಬರೆದರೆ ನಿಮ್ಮ ಗೆಳೆಯರ ಹೆಸರು ಮೊದಲು ಬರುತ್ತವೆ, ಮೂಲೆಯ ಬೆಂಚಿನ ಇಬ್ಬರು ಬರುವುದೇ ಇಲ್ಲ.

ಆಮೇಲೆ ಎರಡನೇ ಪಟ್ಟಿ. 8ನೇ ಕ್ಲಾಸಿನಲ್ಲಿ ನಿಮ್ಮ ಜೊತೆ ಇದ್ದು, ನಡುವೆ ಶಾಲೆ ಬಿಟ್ಟವರು ಯಾರು? ನಮ್ಮ ಕಡೆ ಇಂಥವರು ಇಲ್ಲದ ಕ್ಲಾಸೇ ಇಲ್ಲ. ಅಪ್ಪ-ಅವ್ವನ ಜೊತೆ ಗೋವಾಕ್ಕೆ ಕೆಲಸಕ್ಕೆ ಹೋದವರು, ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದವರು, ತಮ್ಮ-ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದವರು. ಅವರ ಊರಿನಿಂದ ಬರುವ ಒಬ್ಬ ಹುಡುಗನಿಗೋ ಹುಡುಗಿಗೋ ಒಂದು ಜವಾಬ್ದಾರಿ ಕೊಡಿ: ಸುದ್ದಿ ಮುಟ್ಟಿಸಬೇಕು, ಸಾಧ್ಯವಾದರೆ ಅವರಿಂದ ಒಂದು ಪುಟ ಬರೆಸಿ ತರಬೇಕು. ಯಾಕೆ ಬಿಟ್ಟೆ ಅಂತ ಮಾತ್ರ ಕೇಳಬಾರದು. ಅದನ್ನು ಮಾಸ್ತರರು ಕೇಳಿಕೊಳ್ಳುತ್ತಾರೆ.

ಹಂತ 2: ದಿನ ಹಿಡಿಯಿರಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ ಹೊತ್ತಿಗೆ ಬರುತ್ತದೆ. ಅದಕ್ಕೂ ಮುಂಚೆ ಪ್ರಿಪರೇಟರಿ, ಅಂದರೆ ದೊಡ್ಡ ಪರೀಕ್ಷೆಗೆ ತಾಲೀಮು ಅಂತ ಬರೆಸುವ ಪರೀಕ್ಷೆ, ಇರುತ್ತದೆ. ಒಂದು ಪ್ರಿಪರೇಟರಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಶನಿವಾರ ಹಿಡಿದರೆ ಒಳ್ಳೆಯದು. ಶನಿವಾರ ಬೆಳಗಿನ ಶಾಲೆ, ಬಿಸಿಲು ಏರುವುದರೊಳಗೆ ಕೆಲಸ ಮುಗಿಯುತ್ತದೆ. ಕೊನೆಯ ದಿನ, ಹಾಲ್ ಟಿಕೆಟ್ ಕೊಡುವ ದಿನ ಮಾತ್ರ ಬೇಡ. ಅವತ್ತು ಎಲ್ಲರ ತಲೆಯಲ್ಲೂ ಗಣಿತವೇ ತುಂಬಿರುತ್ತದೆ.

ಎರಡು ಸಂಗತಿ ನೋಡಿಕೊಳ್ಳಿ. ಒಂದು, ಊರ ಜಾತ್ರೆ. ಬಾದಾಮಿ ಸುತ್ತಮುತ್ತ ಬನಶಂಕರಿ ಜಾತ್ರೆ ನಡೆಯುವಾಗ ಕ್ಲಾಸು ತುಂಬುವುದೇ ಕಷ್ಟ, ಇನ್ನು ಸೆಂಡಾಫ್ ಎಲ್ಲಿಂದ. ಎರಡು, ರಂಜಾನ್. ಈಗೀಗ ಉಪವಾಸದ ತಿಂಗಳು ಫೆಬ್ರವರಿ–ಮಾರ್ಚ್ ಹೊತ್ತಿಗೇ ಬರುತ್ತಿದೆ. ನಿಮ್ಮ ಕ್ಲಾಸಿನಲ್ಲಿ ರೋಜಾ ಇರುವವರಿದ್ದರೆ, ಅವರೆದುರು ಎಲೆ ಹಾಕಿಕೊಂಡು ಊಟಕ್ಕೆ ಕೂರುವುದು ಚೆನ್ನಾಗಿರುವುದಿಲ್ಲ, ಅಲ್ವಾ? ಉಪವಾಸ ಶುರುವಾಗುವ ಮೊದಲೇ ದಿನ ಹಿಡಿಯಿರಿ. ಆಗದಿದ್ದರೆ ತಿಂಡಿಯನ್ನು ಎಲ್ಲರಿಗೂ ಪೊಟ್ಟಣ ಕಟ್ಟಿ ಕೊಡಿ. ಮನೆಗೆ ಒಯ್ದು ತಿನ್ನಲಿ.

ದಿನ ಗೊತ್ತಾದ ಮೇಲೆ ಹೆಡ್ ಮಾಸ್ತರರಿಗೆ ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ದಿನ, ವೇಳೆ, ಏನೇನು ಮಾಡುತ್ತೀರಿ ಅಂತ ಅರ್ಧ ಪುಟ ಬರೆದು ಕೊಡಿ. ಬರೆದು ಕೊಟ್ಟ ಮಕ್ಕಳಿಗೆ ಇಲ್ಲ ಅನ್ನುವ ಹೆಡ್ ಮಾಸ್ತರರನ್ನು ನಾನು ಕಂಡಿದ್ದು ಕಡಿಮೆ.

ಹಂತ 3: ಪಟ್ಟಿ ಎತ್ತುವಾಗ ಹುಷಾರು

ಪಟ್ಟಿ ಎತ್ತುವುದು ಅಂದರೆ ವಂತಿಗೆ ಕೂಡಿಸುವುದು. ಜಗಳ ಹುಟ್ಟುವುದು ಇಲ್ಲೇ. ನನ್ನ ನಿಯಮ ಮೂರೇ. ಒಬ್ಬರ ಕೈಯಲ್ಲಿ ದುಡ್ಡು, ಇನ್ನೊಬ್ಬರ ಕೈಯಲ್ಲಿ ಲೆಕ್ಕದ ಪುಸ್ತಕ. ಎರಡೂ ಒಬ್ಬರ ಹತ್ತಿರ ಇರಬಾರದು. ಕ್ಲಾಸಿನಲ್ಲಿ ಅತೀ ಕಷ್ಟದಲ್ಲಿರುವ ಮನೆಯವರು ಕೊಡಬಲ್ಲಷ್ಟು ಮೊತ್ತವನ್ನೇ ಎಲ್ಲರಿಗೂ ಇಡಿ. ಯಾರು ಕೊಟ್ಟಿಲ್ಲ ಅಂತ ಹೆಸರು ಓದಬೇಡಿ, ಬೋರ್ಡಿನ ಮೇಲಂತೂ ಬರೆಯಲೇಬೇಡಿ.

ದುಡ್ಡಿನ ಬದಲು ಸಾಮಾನು ತರಲೂ ಬಿಡಿ. ಒಬ್ಬರ ಮನೆಯಲ್ಲಿ ಹೊಲದ ಶೇಂಗಾ ಇರುತ್ತದೆ, ಇನ್ನೊಬ್ಬರ ಮನೆಯಲ್ಲಿ ಬೆಲ್ಲ. ಮಾಸ್ತರರಿಗೆ ಗೋಡೆ ಗಡಿಯಾರ ಕೊಡೋಣ ಅಂತ ದೊಡ್ಡ ಪಟ್ಟಿ ಎತ್ತುವವರಿಗೆ ಹೇಳುತ್ತೇನೆ: ನಮ್ಮ ಸ್ಟಾಫ್ ರೂಮಿನಲ್ಲಿ ಈಗಾಗಲೇ ಏಳು ಗಡಿಯಾರ ಇವೆ. ಏಳೂ ಬೇರೆ ಬೇರೆ ಹೊತ್ತು ತೋರಿಸುತ್ತವೆ.

ಬಟ್ಟೆಗೂ ಖರ್ಚು ಹಚ್ಚಬೇಡಿ. ಹುಡುಗಿಯರೆಲ್ಲ ಒಂದೇ ಬಣ್ಣದ ಹೊಸ ಸೀರೆ ತರಬೇಕು ಅಂತ ಯಾರೋ ಒಬ್ಬರು ಅನ್ನುತ್ತಾರೆ. ಬೇಡ ಅನ್ನಿ. ಅವ್ವನದೋ ಅಜ್ಜಿಯದೋ ಇಳಕಲ್ ಸೀರೆ, ಗುಳೇದಗುಡ್ಡದ ಖಣ ನಮ್ಮ ಕಡೆ ಹೆಚ್ಚುಕಡಿಮೆ ಪ್ರತಿ ಮನೆಯ ಟ್ರಂಕಿನಲ್ಲೂ ಇರುತ್ತದೆ. ಸೀರೆ ಬೇಡ ಅನ್ನುವವರು ಯೂನಿಫಾರ್ಮ್ ಹಾಕಿ ಬರಲಿ.

ಹಂತ 4: ನೆನಪಿನ ಪುಸ್ತಕ

ಇದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಕೆಡುವುದೂ ಇದೇ ಜಾಸ್ತಿ.

ಅಂಗಡಿಯ ಆಟೋಗ್ರಾಫ್ ಪುಸ್ತಕ ಚೆಂದ ಕಾಣುತ್ತದೆ, ಆದರೆ ಅದು ಒಬ್ಬೊಬ್ಬರದು. ಕ್ಲಾಸಿನ ಚುರುಕು ಹುಡುಗಿಯ ಪುಸ್ತಕ ತುಂಬಿ ತುಳುಕುತ್ತದೆ, ಮಾತು ಕಡಿಮೆ ಇರುವ ಹುಡುಗನ ಪುಸ್ತಕದಲ್ಲಿ ನಾಲ್ಕು ಪುಟ. ಅದರ ಬದಲು ಇಡೀ ಕ್ಲಾಸಿಗೆ ಒಂದೇ ಪುಸ್ತಕ ಮಾಡಿ, ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಎಲ್ಲರಿಗೂ ಸಮ ಪುಟ.

ಎ-4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಒಬ್ಬೊಬ್ಬರಿಗೆ ಒಂದು ತುಂಡು ಕೊಡಿ. ಕಪ್ಪು ಬಾಲ್‌ಪೆನ್ನಿನಲ್ಲೇ ಬರೆಯಬೇಕು. ನೀಲಿ ಅಕ್ಷರ ಝೆರಾಕ್ಸಿನಲ್ಲಿ ಮಸುಕಾಗುತ್ತದೆ, ಸ್ಕೆಚ್ ಪೆನ್ ಹಾಳೆಯ ಆಚೆಗೆ ಇಳಿಯುತ್ತದೆ. ನಾಲ್ಕೂ ಕಡೆ ಹೆಬ್ಬೆರಳಿನ ಅಗಲ ಜಾಗ ಬಿಡಲು ಹೇಳಿ. ಪಾಸ್‌ಪೋರ್ಟ್ ಫೋಟೊ ಅಂಟಿಸಬೇಡಿ, ಝೆರಾಕ್ಸಿನಲ್ಲಿ ಕರಿ ಮುದ್ದೆಯಾಗುತ್ತದೆ. ಉರ್ದುವಿನಲ್ಲೋ ಮರಾಠಿಯಲ್ಲೋ ಬರೆಯುತ್ತೇನೆ ಅನ್ನುವವರು ಹಾಗೇ ಬರೆಯಲಿ. ಹೆಸರು ಮಾತ್ರ ಕನ್ನಡದಲ್ಲೂ ಇರಲಿ. ಫೋನ್ ನಂಬರ್ ಮಾತ್ರ ಯಾರದೂ ಬೇಡ. ಐವತ್ತು ಮನೆಗೆ ಹೋಗುವ ಪುಸ್ತಕ ಅದು, ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ.

ಏನು ಬರೆಯಬೇಕು? "ನಿನ್ನ ಫೇವರಿಟ್ ಹೀರೋ ಯಾರು, ಫೇವರಿಟ್ ಬಣ್ಣ ಯಾವುದು" ಅಂತ ಕೇಳಿದರೆ ಐವತ್ತು ಪುಟವೂ ಒಂದೇ ಥರ ಇರುತ್ತದೆ. ಇವನ್ನು ಕೇಳಿ ನೋಡಿ: ಯಾವ ಬೆಂಚಿನಲ್ಲಿ ಕೂರುತ್ತಿದ್ದೆ, ಅಲ್ಲಿಂದ ಏನು ಕಾಣುತ್ತಿತ್ತು? ಶಾಲೆಗೆ ಹೇಗೆ ಬರುತ್ತಿದ್ದೆ? ಯಾರ ಡಬ್ಬಿ ಕದ್ದು ತಿಂದೆ? ಯಾವ ದಿನ ಹೊರಗೆ ನಿಂತೆ, ಯಾಕೆ? ನಮ್ಮ ಒಬ್ಬ ಹುಡುಗ ಮೂರು ವರ್ಷದಲ್ಲಿ ನನ್ನ ಹತ್ತಿರ ಮೂರು ವಾಕ್ಯ ಆಡಿದವನಲ್ಲ. ಅವನು ಬರೆದಿದ್ದ: "ನಮ್ಮೂರ ಬಸ್ಸು 8-10ಕ್ಕೆ. ಅದು ತಪ್ಪಿದರೆ ಕಬ್ಬಿನ ಟ್ರ್ಯಾಕ್ಟರ್. ಟ್ರ್ಯಾಕ್ಟರಿನಲ್ಲಿ ಬಂದ ದಿನ ಮೊದಲ ಪೀರಿಯಡ್ ನಾನು ಬಾಗಿಲ ಹೊರಗೆ. ಆದರೆ ಮಧ್ಯಾಹ್ನ ಎಲ್ಲರಿಗೂ ಒಂದೊಂದು ಕಬ್ಬಿನ ಗಣಿಕೆ." ಅವತ್ತು ಹೊರಗೆ ನಿಲ್ಲಿಸಿದವನು ನಾನೇ. ಕಬ್ಬು ನನಗೆ ಕೊಟ್ಟಿರಲಿಲ್ಲ.

ಈಗ ಪುಸ್ತಕ ಕಟ್ಟುವುದು. ಒಂದು ಎ-4 ಹಾಳೆಯನ್ನು ನಡುವೆ ಮಡಚಿದರೆ ಹಿಂದೆ ಮುಂದೆ ಸೇರಿ ನಾಲ್ಕು ಪುಟ. ಹಾಗಾಗಿ ಒಟ್ಟು ಪುಟ ನಾಲ್ಕರಿಂದ ಭಾಗವಾಗಲೇಬೇಕು. 50 ಮಕ್ಕಳಿದ್ದರೆ 50 ಪುಟ, ಮುಖಪುಟ ಒಂದು, ಹಿಂಪುಟ ಒಂದು, ಒಟ್ಟು 52. ಅಂದರೆ 13 ಹಾಳೆ. 43 ಮಕ್ಕಳಿದ್ದರೆ 45 ಆಗುತ್ತದೆ, 48ಕ್ಕೆ ಏರಿಸಿ. ಉಳಿಯುವ ಮೂರು ಪುಟ ಖಾಲಿ ಬಿಡಬೇಡಿ. ನಡುವೆ ಶಾಲೆ ಬಿಟ್ಟವರಿಗೆ, ಬಿಸಿಯೂಟದ ಅಡುಗೆಯವರಿಗೆ, ಗಂಟೆ ಹೊಡೆಯುವ ಸಿಪಾಯಿಗೆ ಅಂತ ಕೊಡಿ.

ಮುಂದಿನದು ಎಲ್ಲರೂ ಎಡವುವ ಜಾಗ. ಮಡಚಿ ಹೊಲಿಯುವ ಪುಸ್ತಕದಲ್ಲಿ 1ನೇ ಪುಟದ ಪಕ್ಕ 2ನೇ ಪುಟ ಬರುವುದಿಲ್ಲ. ಅದಕ್ಕೆ ಮೊದಲು ಡಮ್ಮಿ ಮಾಡಿ. ಡಮ್ಮಿ ಅಂದರೆ ಖಾಲಿ ಹಾಳೆಯ ಸುಳ್ಳು ಪುಸ್ತಕ. 13 ಖಾಲಿ ಹಾಳೆ ಒಟ್ಟಿಗೆ ಮಡಚಿ, ಪುಟ ತಿರುವುತ್ತಾ ಪೆನ್ಸಿಲ್‌ನಲ್ಲಿ 1ರಿಂದ 52ರವರೆಗೆ ನಂಬರ್ ಹಾಕಿ. ಆಮೇಲೆ ಬಿಚ್ಚಿ ನೋಡಿ. ಮೇಲಿನ ಹಾಳೆಯಲ್ಲಿ ಒಂದು ಮಗ್ಗುಲಿಗೆ 52 ಮತ್ತು 1 ಇರುತ್ತವೆ, ಇನ್ನೊಂದು ಮಗ್ಗುಲಿಗೆ 2 ಮತ್ತು 51. ಯಾವ ಹಾಳೆ ತೆಗೆದರೂ ಅಕ್ಕಪಕ್ಕದ ಎರಡು ನಂಬರ್ ಕೂಡಿಸಿದರೆ 53 ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ. ಡಮ್ಮಿ ನೋಡಿಕೊಂಡು ಮಕ್ಕಳು ಬರೆದ ತುಂಡುಗಳನ್ನು ಅದೇ ಜೋಡಿಯಲ್ಲಿ ಎ-4 ಹಾಳೆಗೆ ಗೋಂದಿನಿಂದ ಅಂಟಿಸಿ.

ಝೆರಾಕ್ಸ್ ಅಂಗಡಿಗೆ ಡಮ್ಮಿಯನ್ನೂ ಒಯ್ಯಿರಿ. ಮೊದಲು ಒಂದೇ ಒಂದು ಪ್ರತಿ ತೆಗೆಸಿ, ಮಡಚಿ, ಪುಟ ತಿರುವಿ ನೋಡಿ. ಹಿಂಬದಿ ತಲೆಕೆಳಗಾಗಿ ಬರುವುದು ಬಹಳ ಸಾಮಾನ್ಯ. ಐವತ್ತು ಪ್ರತಿ ತೆಗೆಸಿದ ಮೇಲೆ ನೋಡಿದರೆ ಅಂಗಡಿಯವನಿಗೆ ಬೈದು ಉಪಯೋಗವಿಲ್ಲ. ಖರ್ಚಿನ ಲೆಕ್ಕ ಸುಲಭ: 13 ಹಾಳೆಗೆ 26 ಮಗ್ಗುಲು. ಮಗ್ಗುಲಿಗೆ ಒಂದೂವರೆ ರೂಪಾಯಿ ಅಂತ ಹಿಡಿದರೆ ಒಂದು ಪುಸ್ತಕ 39 ರೂಪಾಯಿ. ನಿಮ್ಮ ಊರಿನ ದರ ಕೇಳಿ ಲೆಕ್ಕ ಹಾಕಿಕೊಳ್ಳಿ. ಜಾಸ್ತಿ ಪ್ರತಿ ಅಂದರೆ ಕಡಿಮೆ ಮಾಡುತ್ತಾರೆ, ಕೇಳಲು ನಾಚಬೇಡಿ.

ಸಾದಾ ಸ್ಟೇಪ್ಲರ್ ನಡುಮಡಿಕೆಗೆ ಮುಟ್ಟುವುದಿಲ್ಲ. ಹೊಲಿಯಿರಿ. ಮಡಿಕೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ ಸೂಜಿ ತೆಗೆಯಿರಿ. ಮೇಲಿನ ತೂತಿನಿಂದ ಒಳಗೆ ಬನ್ನಿ. ನಡುವಿನದನ್ನು ದಾಟಿ ಕೆಳಗಿನ ತೂತಿನಿಂದ ಹೊರಗೆ. ಮತ್ತೆ ನಡುವಿನ ತೂತಿನಿಂದ ಒಳಗೆ. ಒಳಗಡೆ ಉದ್ದಕ್ಕೆ ಇರುವ ದಾರದ ಆಚೆ ಒಂದು ತುದಿ, ಈಚೆ ಒಂದು ತುದಿ ಇಟ್ಟು ಗಂಟು ಹಾಕಿ. ಒಂದು ಪುಸ್ತಕ ಕಲಿಯಲು ಹತ್ತು ನಿಮಿಷ, ಆಮೇಲೆ ಎರಡು ನಿಮಿಷದ ಕೆಲಸ. ಬನಹಟ್ಟಿ, ಇಳಕಲ್, ಗುಳೇದಗುಡ್ಡದ ಮಗ್ಗದ ಮನೆಯ ಮಕ್ಕಳಿದ್ದರೆ ದಾರದ ಕೆಲಸ ಅವರಿಗೇ ಬಿಡಿ. ಅವರ ಗಂಟು ಬಿಚ್ಚುವುದಿಲ್ಲ.

ಹಂತ 5: ಗ್ರೂಪ್ ಫೋಟೊ

ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಊರಿನ ಹಿರಿಯರ ಮನೆಗೆ ಹೋದಾಗ ಗೋಡೆ ನೋಡಿ. ಹಳೆಯ ಶಾಲೆಯ ಫೋಟೊ ಇದ್ದರೆ ಅವರು ಮೊದಲು ಮುಖ ತೋರಿಸುವುದಿಲ್ಲ. ಹಿಂದಿನ ಕಟ್ಟೆ ತೋರಿಸುತ್ತಾರೆ, ಗಂಟೆ ತೂಗುಹಾಕಿದ ಗಿಡ ತೋರಿಸುತ್ತಾರೆ. ಅದಕ್ಕೇ ಬಣ್ಣದ ಪರದೆ ಮುಂದೆ ನಿಲ್ಲಬೇಡಿ. ಶಾಲೆಯ ಹೆಸರಿನ ಬೋರ್ಡೋ, ನಿಮ್ಮ ಕ್ಲಾಸಿನ ಬಾಗಿಲೋ ಹಿಂದೆ ಕಾಣಲಿ.

ಬೆಳಿಗ್ಗೆ ಒಂಬತ್ತರ ಒಳಗೆ ಫೋಟೊ ಮುಗಿಸಿ. ಸೂರ್ಯ ಎದುರಿಗಿದ್ದರೆ ಎಲ್ಲರ ಕಣ್ಣೂ ಕಿರಿದು. ಬೇವಿನ ನೆರಳು ತಂಪು, ಆದರೆ ಫೋಟೊದಲ್ಲಿ ಮುಖದ ಮೇಲೆಲ್ಲ ಚುಕ್ಕೆ ಚುಕ್ಕೆ ಬೀಳುತ್ತದೆ. ಕಟ್ಟಡದ ಇಡೀ ನೆರಳು ಸಿಕ್ಕರೆ ಅದೇ ಒಳ್ಳೆಯದು. ನೆಲದ ಮೇಲೆ ಒಂದು ಸಾಲು, ಕುರ್ಚಿಯ ಮೇಲೆ ಮಾಸ್ತರರು, ಅಕ್ಕೋರು, ಅವರ ಹಿಂದೆ ನಿಂತವರು, ಅವರ ಹಿಂದೆ ಬೆಂಚಿನ ಮೇಲೆ ಹತ್ತಿದವರು. ಬೆಂಚು ಅಲುಗಾಡುತ್ತದೋ ಮೊದಲೇ ಹತ್ತಿ ನೋಡಿ. ಅಡುಗೆಯವರನ್ನು, ಸಿಪಾಯಿಯನ್ನು ಕರೆಯಿರಿ; ಅವರು ಬ್ಯಾಡ ಬ್ಯಾಡ ಅನ್ನುತ್ತಾರೆ, ಕೈ ಹಿಡಿದು ಕರೆತನ್ನಿ.

ಕ್ಲಿಕ್ ಮಾಡುವ ಮೊದಲು ಲೀಡರ್ ನಿಂತಲ್ಲಿಂದಲೇ ಹಾಜರಿ ಕೂಗಬೇಕು. ನಗಬೇಡಿ. ಹತ್ತನೆಯಲ್ಲಿ ನಾನೇ ಲೀಡರ್ ಆಗಿದ್ದೆ. ಕುರ್ಚಿ ಸಾಲದು ಅಂತ ಇಬ್ಬರನ್ನು ಪಕ್ಕದ ಕೋಣೆಗೆ ಕಳಿಸಿದೆ. ಅವರು ಕುರ್ಚಿ ಹೊತ್ತು ಬರುವಷ್ಟರಲ್ಲಿ ಫೋಟೊ ಮುಗಿದಿತ್ತು. ರೋಲ್ ಕ್ಯಾಮೆರಾ ಕಾಲ, ಇನ್ನೊಂದು ತೆಗೆಯಲು ಫೋಟೊದವನು ಒಪ್ಪಲಿಲ್ಲ, ನಾನೂ ಜಾಸ್ತಿ ಕೇಳಲಿಲ್ಲ. ಫೋಟೊದಲ್ಲಿ ಕುರ್ಚಿಗಳಿವೆ, ಅವರಿಬ್ಬರಿಲ್ಲ.

ಫೋಟೊ ಆದ ಕೂಡಲೇ ಯಾರನ್ನೂ ಕದಲಲು ಬಿಡದೆ ಹೆಸರು ಬರೆದುಕೊಳ್ಳಿ. ಸಾಲು ಸಾಲಾಗಿ, ಎಡದಿಂದ ಬಲಕ್ಕೆ. ನೋಡುವವರ ಎಡದಿಂದ, ನಿಂತವರ ಎಡದಿಂದ ಅಲ್ಲ. ಎರಡು ನಿಮಿಷದ ಕೆಲಸ. ಇಪ್ಪತ್ತು ವರ್ಷದ ಮೇಲೆ "ಮೂರನೇ ಸಾಲಿನಲ್ಲಿ ಐದನೆಯವ ಯಾರಪ್ಪಾ" ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. 12 ಇಂಚು ಅಗಲ, 8 ಇಂಚು ಎತ್ತರದ ಪ್ರಿಂಟು ಹೇಳಿ. ಅದಕ್ಕಿಂತ ಸಣ್ಣದಾದರೆ ಐವತ್ತು ಜನರ ಮುಖ ಕಾಣುವುದಿಲ್ಲ.

ಹಂತ 6: ಲೀಡರ್ ಮಾತು

ಮೂರು ನಿಮಿಷ, ಅಷ್ಟೇ. ಫೋನಿನಲ್ಲಿ ಟೈಮರ್ ಇಟ್ಟು ಮನೆಯಲ್ಲಿ ಒಮ್ಮೆ ಹೇಳಿ ನೋಡಿ.

"ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಶುರುಮಾಡಿದರೆ ಒಂದು ನಿಮಿಷ ಹೆಸರು ಹೇಳುವುದರಲ್ಲೇ ಹೋಗುತ್ತದೆ. "ಗೂಡು ಬಿಟ್ಟು ಹಾರುವ ಹಕ್ಕಿಗಳಂತೆ" ಅನ್ನುವುದನ್ನು ಈ ಜಿಲ್ಲೆಯ ಎಲ್ಲಾ ಮಾಸ್ತರರೂ ಪ್ರತಿ ವರ್ಷ ಕೇಳಿದ್ದಾರೆ. ದಯವಿಟ್ಟು ಹಕ್ಕಿಗಳನ್ನು ಬಿಟ್ಟುಬಿಡಿ. ಎಲ್ಲರಿಗೂ ನಮಸ್ಕಾರ ಹೇಳಿ ನೇರ ಒಂದು ಜಾಗಕ್ಕೆ ಹೋಗಿ: "ನಮ್ಮ ಕ್ಲಾಸಿನ ಎರಡನೇ ಕಿಟಕಿಗೆ ಕೊಂಡಿ ಇಲ್ಲ. ಗಾಳಿ ಬಂದಾಗೆಲ್ಲ ಅದು ಬಡಿಯುತ್ತಿತ್ತು. ಮೂರು ವರ್ಷ ಅದರ ಪಕ್ಕ ಕೂತವರು ಕೈಯಲ್ಲಿ ಹಿಡಿದುಕೊಂಡೇ ಪಾಠ ಕೇಳಿದರು." ಹೀಗೆ ಶುರುವಾದರೆ ಹಾಲ್ ತಾನೇ ಸುಮ್ಮನಾಗುತ್ತದೆ. ಆಮೇಲೆ ಒಂದು ಘಟನೆ. ಆಮೇಲೆ ಯಾರೂ ಥ್ಯಾಂಕ್ಸ್ ಹೇಳದ ಒಬ್ಬರಿಗೆ ಥ್ಯಾಂಕ್ಸ್. ಮುಗೀತು.

ಅಡ್ಡ ಹೆಸರು ಬೇಡ. ಬಣ್ಣ, ಮೈಕಟ್ಟು, ಉಗ್ಗು, ಜಾತಿ ಯಾವುದನ್ನೂ ತಮಾಷೆಗೂ ಎತ್ತಬೇಡಿ. ಯಾರು ಯಾರನ್ನು ನೋಡುತ್ತಿದ್ದರು ಅನ್ನುವ ಸುದ್ದಿಯಂತೂ ಬೇಡವೇ ಬೇಡ. ನಿಮಗೆ ಅರ್ಧ ನಿಮಿಷದ ನಗೆ, ಆ ಹುಡುಗಿಯ ಮನೆಯಲ್ಲಿ ಅದು ತಿಂಗಳುಗಟ್ಟಲೆ ನಡೆಯುತ್ತದೆ. ಒಬ್ಬರ ಕಥೆ ಹೇಳುವುದಿದ್ದರೆ ಹಿಂದಿನ ದಿನ ಅವರನ್ನೇ ಕೇಳಿ, "ಹೇಳಲಾ?" ಅಂತ. ಮಾತಾಡುವಾಗ ಅಳು ಬಂದರೆ ನಿಲ್ಲಿಸಿ, ನೀರು ಕುಡಿಯಿರಿ. ಯಾರೂ ನಗುವುದಿಲ್ಲ.

ಹಂತ 7: ಆ ದಿನ

ತಿಂಡಿಗೆ ಶಿರಾ-ಉಪ್ಪಿಟ್ಟು ಅಥವಾ ಚುರಮುರಿ ಸಾಕು. ಗಿರ್ಮಿಟ್ ಮಾಡುವುದಾದರೆ ಬಡಿಸುವ ಹೊತ್ತಿಗೇ ಕಲಸಿ. ಮೊದಲೇ ಕಲಸಿಟ್ಟರೆ ಮೆತ್ತಗಾಗಿ ಯಾರೂ ಮುಟ್ಟುವುದಿಲ್ಲ. ಬಿಸಿಯೂಟ ಇರುವ ಶಾಲೆಯಾದರೆ ಅಡುಗೆಯವರಿಗೆ ಹಿಂದಿನ ದಿನವೇ ಹೇಳಿ, ಇಲ್ಲದಿದ್ದರೆ ಅನ್ನ ಉಳಿಯುತ್ತದೆ.

ಯೂನಿಫಾರ್ಮ್ ಅಂಗಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸಹಿ ಹಾಕಿಸಿಕೊಳ್ಳುವ ಆಟ ಬೇಡ. ಆ ಅಂಗಿ ಬರುವ ಜೂನ್‌ನಲ್ಲಿ ತಮ್ಮನ ಮೈಮೇಲೆ ಇರಬೇಕಾದದ್ದು. ಬಣ್ಣ ಎರಚುವುದೂ ಬೇಡ. ಬಾಗಲಕೋಟೆಯಲ್ಲಿ ಹೋಳಿ ದಿನಗಟ್ಟಲೆ ಇರುತ್ತದೆ, ಅಲ್ಲಿ ಆಡಿ. ಅಣ್ಣನ ಬೈಕ್ ತಂದು ತ್ರಿಬಲ್ ಸವಾರಿ ಹೋಗುವವರ ಕೀಲಿಯನ್ನು ಬೆಳಿಗ್ಗೆಯೇ ಪಿಟಿ ಮಾಸ್ತರರ ಕೈಗೆ ಕೊಡಿಸಿ. ಲೀಡರ್ ಇದನ್ನು ಮಾಡಿದರೆ ಗೆಳೆಯರು ಎರಡು ದಿನ ಮಾತು ಬಿಡುತ್ತಾರೆ. ಬಿಡಲಿ.

ವಿಡಿಯೊ ಮಾಡುವವರು ಒಬ್ಬರೇ ಇರಲಿ. ಸೀರೆ ಉಟ್ಟು ಬಂದ ಹುಡುಗಿಯರ ಫೋಟೊ ಅವರನ್ನು ಕೇಳದೆ ಸ್ಟೇಟಸ್‌ಗೆ ಹಾಕಬಾರದು ಅಂತ ಮೈಕಿನಲ್ಲೇ ಹೇಳಿ.

ಹಂತ 8: ಮುಗಿದ ಮೇಲೆ

ಲೆಕ್ಕ ಅದೇ ವಾರ ಓದಿ ಮುಗಿಸಿ. ಹತ್ತು ರೂಪಾಯಿ ಉಳಿದರೂ ಹೇಳಿ.

ರಿಸಲ್ಟ್ ದಿನ ಕ್ಲಾಸಿನ ಗ್ರೂಪಿನಲ್ಲಿ 625ಕ್ಕೆ ಎಷ್ಟು ಬಂತು ಅಂತ ಯಾರ ಅಂಕವನ್ನೂ ಹಾಕಬೇಡಿ. ಹಾಕಬೇಕಾದದ್ದು ಬೇರೆ. 2024ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಒಂದೋ ಎರಡೋ ವಿಷಯ ಹೋದವರು ಫೋನ್ ಆಫ್ ಮಾಡಿ ಕೂತಿರುತ್ತಾರೆ. ಮುಂದಿನ ಪರೀಕ್ಷೆಗೆ ಅರ್ಜಿ ತುಂಬುವ ಕೊನೆಯ ದಿನ ಯಾವುದು ಅಂತ ಆಫೀಸಿನಲ್ಲಿ ಕೇಳಿ, ಅವರ ಮನೆಗೇ ಹೋಗಿ ಹೇಳಿ ಬನ್ನಿ. ಹೋಗುವಾಗ ಪುಸ್ತಕ, ಫೋಟೊ ಒಯ್ಯಿರಿ. ಸೆಂಡಾಫಿಗೆ ಬಾರದವರೂ ಹೆಚ್ಚಾಗಿ ಇವರೇ ಆಗಿರುತ್ತಾರೆ.

ಇಷ್ಟಾದರೂ ಮೂರೋ ನಾಲ್ಕೋ ಪ್ರತಿ ಉಳಿದೇ ಉಳಿಯುತ್ತವೆ. ಫೋಟೊದ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೆರೆ ಏಳುತ್ತದೆ. ಪುಸ್ತಕದ ಜೊತೆ ಕವರಿನಲ್ಲಿ ಹಾಕಿ ಆಫೀಸಿಗೆ ಕೊಡಿ. ಟಿಸಿಗೋ ಅಂಕಪಟ್ಟಿಗೋ ಒಂದಲ್ಲ ಒಂದು ದಿನ ಬರುತ್ತಾರೆ. ನಮ್ಮ ಶಾಲೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಈಗ ಎರಡು ಕವರ್ ಇವೆ. ಒಂದರ ಹುಡುಗ ಗೋವಾದ ಮಡಗಾಂವದಲ್ಲಿ ಗೌಂಡಿ ಕೆಲಸಕ್ಕೆ ಇದ್ದಾನಂತೆ, ದೀಪಾವಳಿಗೆ ಊರಿಗೆ ಬರುತ್ತಾನೆ ಅಂತ ಅವನ ತಂಗಿ ಹೇಳಿದ್ದಾಳೆ. ಅವಳು ಈಗ 9ನೇ ಕ್ಲಾಸು.